ಬಿಸಿಎ ಲ್ಯಾಬಿನಿಂದ ಟರ್ಬೊ ಸಿ ತೊಲಗಲಿ

ಮಾನ್ಯರೇ,

ಪದವಿ ಪಠ್ಯಕ್ರಮ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ (ಎನ್‌ಇಪಿ) ಹೊರಳಿತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಿತು. ಇಷ್ಟಾದರೂ ಎಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ಟರ್ಬೊ ಸಿಯ ನೀಲಿ ಪರದೆ ಕದಲಿಲ್ಲ. ಡಾಸ್ ಕಾಲದ ಈ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಇಂದಿನ ವಿಂಡೋಸ್‌ನಲ್ಲಿ ನಡೆಯಲು ಹಳೆಯ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್‌ನ ಊರುಗೋಲು ಬೇಕು. ಅದರಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಎಂದರೆ 2 ಬೈಟ್, ಗರಿಷ್ಠ ಬೆಲೆ 32,767. 50 ಕೆ.ಜಿ.ಯ 700 ಚೀಲ ಕಾಫಿಯ ಒಟ್ಟು ತೂಕ ಕೇಳಿ ನೋಡಿ: 35,000ದ ಬದಲು ಮೈನಸ್ 30,536 ಬರುತ್ತದೆ. ಇಂದಿನ ಕಂಪೈಲರ್ ಆದ ಜಿಸಿಸಿಯಲ್ಲಿ ಇಂಟ್ 4 ಬೈಟ್, ಉತ್ತರ ಸರಿ. ಯಾಕೆ ಹೀಗೆ ಎಂದು ಬಿಡಿಸಿ ಹೇಳಿದರೆ ಇದೇ ಒಂದು ಒಳ್ಳೆಯ ಪಾಠ. ಆದರೆ ‘ಲಾಂಗ್ (ಇನ್ನೂ ದೊಡ್ಡ ಜಾಗ) ಹಾಕು’ ಎಂದು ಮುಂದೆ ಹೋಗುವುದೇ ರೂಢಿ. ಇನ್ನು ಐಓಸ್ಟ್ರೀಮ್ ಡಾಟ್ ಎಚ್, ಕೋನಿಯೋ ಡಾಟ್ ಎಚ್ ಎಂಬ ಹಳೆಯ ಹೆಡರ್ ಕಡತಗಳ ಹೆಸರನ್ನು ಪ್ರೋಗ್ರಾಂನ ತಲೆಯಲ್ಲಿ ಬರೆದು ಪಳಗಿದವರ ಪ್ರೋಗ್ರಾಂ ಕಂಪನಿಯ ಪರೀಕ್ಷೆಯ ದಿನ ಕಂಪೈಲ್ ಕೂಡ ಆಗುವುದಿಲ್ಲ. 1998ರ ಸಿ ಪ್ಲಸ್ ಪ್ಲಸ್ ಮಾನಕದಲ್ಲೇ ಆ ಹೆಡರ್‌ಗಳಿಗೆ ಜಾಗವಿರಲಿಲ್ಲ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಜಿಸಿಸಿ, ಪೈಥಾನ್ ಭಾಷೆ ಎಲ್ಲವೂ ಉಚಿತ. ಆನ್‌ಲೈನ್ ಕಂಪೈಲರ್ ಸಾಕಲ್ಲ ಎನ್ನುವವರು ಜುಲೈಯಲ್ಲಿ ಒಮ್ಮೆ ಕೊಡಗಿಗೆ ಬರಲಿ. ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಆದ್ದರಿಂದ ಲ್ಯಾಬಿನೊಳಗೇ ಒಂದು ಸರ್ವರ್ ಇರಬೇಕು. 8 ಜಿಬಿ ರ್‍ಯಾಮ್, 500 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಡೆಸ್ಕ್‌ಟಾಪ್ ಧಾರಾಳ. ಪೈಥಾನ್ ಕೈಪಿಡಿ, ಬೇಕಾದ ಪ್ಯಾಕೇಜುಗಳು (ಸಿದ್ಧ ಕೋಡ್‌ನ ಕಟ್ಟುಗಳು), ವಿದ್ಯಾರ್ಥಿಗಳ ಗಿಟ್ ರೆಪಾಸಿಟರಿಗಳು (ಪ್ರೋಗ್ರಾಂನ ಬದಲಾವಣೆಗಳನ್ನು ಉಳಿಸುವ ಕಣಜಗಳು) ಅದರಲ್ಲೇ ಇರಲಿ. ಗಿಟ್‌ಗೆ ಇಂಟರ್‌ನೆಟ್ಟೇ ಬೇಕೆಂದಿಲ್ಲ.

ಎಡವುವುದು ಪ್ಯಾಕೇಜುಗಳಲ್ಲಿ. ಬೇರೆ ಯಂತ್ರದಲ್ಲಿ ಪಿಪ್ (ಪ್ಯಾಕೇಜು ತಂದು ಹಾಕುವ ಸಾಧನ) ಬಳಸಿ ಡೌನ್‌ಲೋಡ್ ಮಾಡಿ ತಂದ, ನಮ್‌ಪೈ ಎಂಬ ಗಣಿತದ ಪ್ಯಾಕೇಜಿನ ಕಡತ ಪೈಥಾನ್ 3.12ರದ್ದಾಗಿದ್ದು, ಲ್ಯಾಬಿನಲ್ಲಿ 3.10 ಇದ್ದರೆ ಇನ್‌ಸ್ಟಾಲ್ ಆಗದು. ಲ್ಯಾಬಿನದೇ ಆಪರೇಟಿಂಗ್ ಸಿಸ್ಟಂ, ಅದೇ ಆವೃತ್ತಿಯ ಪೈಥಾನ್ ಇರುವ ಯಂತ್ರದಲ್ಲೇ ಮಳೆಗೆ ಮೊದಲು ಇಳಿಸಿಕೊಳ್ಳಬೇಕು. ಹಾಕುವಾಗ ‘ನೆಟ್‌ನಲ್ಲಿ ಹುಡುಕಬೇಡ’ ಎನ್ನುವ ನೋ-ಇಂಡೆಕ್ಸ್ ಆಯ್ಕೆ ಕೊಡಬೇಕು. ಇಲ್ಲವಾದರೆ ಪಿಪ್, ಇಲ್ಲದ ಇಂಟರ್‌ನೆಟ್ಟನ್ನೇ ಹುಡುಕುತ್ತಾ ಕೂರುತ್ತದೆ.

30 ಡೆಸ್ಕ್‌ಟಾಪಿಗೆ ಯುಪಿಎಸ್ ಹಾಕುವುದು ದುಬಾರಿ. ಸರ್ವರ್ ಮತ್ತು ನೆಟ್‌ವರ್ಕ್ ಸ್ವಿಚ್ಚಿಗಷ್ಟೇ ಆದರೆ ಮನೆಯ ಇನ್ವರ್ಟರ್ ಸಾಕು, ಲ್ಯಾಪ್‌ಟಾಪ್ ಇದ್ದವರು ಕೆಲಸ ಮುಂದುವರಿಸಬಹುದು. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಬೇಡ, ಫೈಬರ್ ಎಳೆಯಿರಿ; ಏಪ್ರಿಲ್-ಮೇ ಸಿಡಿಲು ತಾಮ್ರದ ದಾರಿ ಹಿಡಿದೇ ಸ್ವಿಚ್ಚುಗಳನ್ನು ಸುಡುತ್ತದೆ. ರಜೆಯಲ್ಲಿ ಬೀಗ ಜಡಿದು ಬಿಟ್ಟ ಯಂತ್ರಗಳ ರ್‍ಯಾಮ್ ಕಾಲುಗಳಿಗೆ ತೇವದ ಕಿಲುಬು ಕೂರುತ್ತದೆ. ವಾರಕ್ಕೆರಡು ದಿನ ಚಾಲೂ ಮಾಡಲು ಅಟೆಂಡರ್ ಒಬ್ಬರು ಸಾಕು.

ಇಷ್ಟೆಲ್ಲ ಆದರೂ ಪ್ರಾಕ್ಟಿಕಲ್ ಪರೀಕ್ಷೆ ಬದಲಾಗದಿದ್ದರೆ ಪ್ರಯೋಜನವಿಲ್ಲ. ಈಗ ಚೀಟಿ ಎತ್ತಿ, ರೆಕಾರ್ಡ್ ಪುಸ್ತಕದಿಂದ ಬಾಯಿಪಾಠ ಮಾಡಿದ್ದನ್ನು ಟೈಪಿಸಿದರೆ ಅಂಕ. ಅದರ ಬದಲು ಮೂರು ತಪ್ಪು ಅಡಗಿಸಿದ 40 ಸಾಲಿನ ಪ್ರೋಗ್ರಾಂ ಕೊಟ್ಟು ಸರಿಪಡಿಸಿ ಎನ್ನಲಿ. ವೈವಾದಲ್ಲಿ ಹೀಗೆ ಕೇಳಲಿ: ‘ಕೊಡಗು’ ಕಣ್ಣಿಗೆ 3 ಅಕ್ಷರ, ಉದ್ದ ಅಳೆಯುವ ಪೈಥಾನ್‌ನ ಲೆನ್ ಲೆಕ್ಕದಲ್ಲಿ 5, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 15 ಬೈಟ್, ಯಾಕೆ? ರೆಕಾರ್ಡ್ ಪುಸ್ತಕಕ್ಕೆ ಮೀಸಲಿಟ್ಟ ಅಂಕಗಳನ್ನು ಇಂಥ ಪ್ರಶ್ನೆಗಳಿಗೆ ವರ್ಗಾಯಿಸುವ ನಿರ್ಣಯವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಮುಂದಿನ ಸಭೆಯಲ್ಲೇ ತೆಗೆದುಕೊಳ್ಳಬೇಕು.

— ಪದವಿ ಕಾಲೇಜು ಗಣಕ ವಿಜ್ಞಾನ ಬೋಧಕರು, ಮಡಿಕೇರಿ