ಅಪ್ಪನ ನೆನಪಿನ ಊಟಕ್ಕೆ ಬಂದವರಿಗೆ, ಬರಲಾಗದವರಿಗೆ

ವರ್ಷಾಂತಿಕದ ಕರ್ಮಗಳೆಲ್ಲ ಮುಗಿದ ಮೇಲಿನ ಭಾನುವಾರ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಹಬ್ಬ ಉತ್ಸವಗಳಿಗೆಲ್ಲ ಅಡುಗೆ ಮಾಡುತ್ತಿದ್ದ ಅಪ್ಪನ ನೆನಪಿನ ಊಟ ನಡೆಯಿತು. ರೈಲು ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೂ ವಿರಾರ್, ಪನ್ವೇಲ್ ಕಡೆಯಿಂದ ಗಾಡಿ ಬದಲಿಸಿ ಬದಲಿಸಿ ಬಂದವರಿಗೆ, ಊರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಸೌತೆಕಾಯಿ ಮೂಟೆ ಕಳಿಸಿದ ಚಿಕ್ಕಪ್ಪನಿಗೆ, ಭಜನಾ ಮಂಡಳಿಯವರಿಗೆ, ರಾತ್ರಿಶಾಲೆಯ ಹಳೆ ಗೆಳೆಯರಿಗೆ, ಮಾಟುಂಗಾದಿಂದ ಬಾಳೆಎಲೆ ಹೊತ್ತು ತಂದ ಹುಡುಗರಿಗೆ, ಸೊಸೈಟಿಯ ವಾಚ್‌ಮನ್ ದಾದಾನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಒಬ್ಬೊಬ್ಬರ ಹೆಸರು ಹೇಳಲು ಹೊರಟರೆ ಯಾರಾದರೂ ಬಿಟ್ಟುಹೋಗುತ್ತಾರೆ, ಅಪ್ಪನ ಹತ್ತಿರ ಹೋಗಿ ದೂರು ಹೇಳೋಣವೆಂದರೆ ಈಗ ಅದಕ್ಕೂ ದಾರಿಯಿಲ್ಲ.

ಆಸ್ಪತ್ರೆಯ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಕೊನೆಯ ರಾತ್ರಿಯದ್ದನ್ನು ಮಾತ್ರ ಬರೆಯಲೇಬೇಕು, ಆ ರಾತ್ರಿಯಿಡೀ ಎದುರುಮನೆ ಅಕ್ಕ ನಮ್ಮ ಮನೆಯಲ್ಲಿದ್ದರು. ಬೆಳಗಾವಿ ಕಡೆಯವರು, ನರ್ಸ್ ಆಗಿದ್ದು ನಿವೃತ್ತರಾದವರು. ಇನ್ನು ಮನೆಯಲ್ಲೇ ಇರಲಿ ಎಂದು ವೈದ್ಯರು ಕಳಿಸಿದ ದಿನ ಸಂಜೆಯೇ ಹತ್ತಿ, ಗ್ಲೌಸ್, ಒಂದು ಹಳೆ ಬೆಡ್‌ಶೀಟ್ ಹಿಡಿದುಕೊಂಡು ಬಂದುಬಿಟ್ಟರು.

ಆ ಬೆಡ್‌ಶೀಟನ್ನು ಅಡ್ಡ ಮಡಚಿ ಅಪ್ಪನ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಕೆಳಗೆ ಹಾಸಿದರು. ಮಗ್ಗುಲು ಬದಲಿಸುವಾಗ ಕೈಕಾಲು ಹಿಡಿದು ಎಳೆಯಬಾರದು, ಎರಡೂ ಕಡೆ ಒಬ್ಬೊಬ್ಬರು ನಿಂತು ಶೀಟನ್ನೇ ಎತ್ತಿ ತಿರುಗಿಸಬೇಕು. ಎಳೆದರೆ ಒಣಗಿದ ಚರ್ಮ ಸುಲಿದುಬರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಡಿ ಇನ್ನೊಂದು. ನಡುರಾತ್ರಿ ಗಂಟಲಲ್ಲಿ ಗೊರಗೊರ ಶುರುವಾದಾಗ ಎಲ್ಲರೂ ಹೆದರಿದ್ದರು. ಅಕ್ಕ ತಲೆಯ ಕಡೆ ಸ್ವಲ್ಪ ಎತ್ತರಿಸಿ ಅಪ್ಪನನ್ನು ಒಂದು ಮಗ್ಗುಲಿಗೆ ತಿರುಗಿಸಿದರು. ನುಂಗುವ ಶಕ್ತಿ ಹೋದ ಮೇಲೆ ಉಗುಳು ಗಂಟಲಲ್ಲೇ ನಿಲ್ಲುತ್ತದೆ, ಉಸಿರು ಅದರ ಮೇಲೆ ಹಾಯುವಾಗ ಆ ಸದ್ದು ಬರುತ್ತದೆ, ಮಲಗಿದವರಿಗಿಂತ ಅದು ಕೇಳುವವರಿಗೇ ಹೆಚ್ಚು ಸಂಕಟ ಎಂದು ಬಿಡಿಸಿ ಹೇಳಿದರು. ಸದ್ದು ಕಡಿಮೆಯೂ ಆಯಿತು.

ಹಿರಿಯರೊಬ್ಬರು ಗಂಗಾಜಲದ ಗಿಂಡಿ ಹಿಡಿದು ಬಂದರು. ನುಂಗಲಾಗದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಕ್ಕ ಬೇಡವೆನ್ನಲಿಲ್ಲ. ಹತ್ತಿಯನ್ನು ಗಂಗಾಜಲದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅವರ ಕೈಗೇ ಕೊಟ್ಟು ತುಟಿ ಒರೆಸಲು ಹೇಳಿದರು. "ಗಂಗಿ ತುಟಿಗೆ ಮುಟ್ಟಿದ್ರ ಸಾಕ್ರೀ ಅಜ್ಜಾರ, ಗಂಟಲಿಗೆ ಇಳೀಬೇಕಂತೇನಿಲ್ಲ." ಅಳು ಜೋರಾದಾಗ ಇನ್ನೊಂದು ಮಾತು ಹೇಳಿದರು: "ಕಿವಿ ಕೊನೀತನಕ ಕೇಳತಾವ. ಅಳಬ್ಯಾಡ್ರಿ, ಅವರಿಗೆ ಸೇರೋ ಮಾತು ಏನರ ಆಡ್ರಿ." ಅಪ್ಪನಿಗೆ ಸೇರುವ ಮಾತೆಂದರೆ ಏನು? ವಾಶಿ ಮಾರುಕಟ್ಟೆಯಲ್ಲಿ ತೆಂಗಿನಕಾಯಿಗೆ ಎಷ್ಟಾಗಿದೆ, ಕುಂಬಳಕಾಯಿಗೆ ಎಷ್ಟು ಎಂದು ನಮ್ಮ ತಮ್ಮ ಅಪ್ಪನ ಕಿವಿಯ ಹತ್ತಿರ ಹೇಳುತ್ತ ಕೂತ.

ಬೆಳಗಿನ ಜಾವ ಉಸಿರು ನಿಂತಾಗ ಅಕ್ಕ ಮೊದಲು ಗಡಿಯಾರ ನೋಡಿ ಹೊತ್ತು ಬರೆದಿಟ್ಟರು. ಕಣ್ಣು ಕೊಡಬೇಕೆಂದು ಅಪ್ಪ ಹೇಳುತ್ತಿದ್ದದ್ದು ಅವರಿಗೆ ನೆನಪಿತ್ತು. ಫ್ಯಾನ್ ಆರಿಸಿದರು, ಗಾಳಿಗೆ ಕಣ್ಣಿನ ಪಾರದರ್ಶಕ ಪಟಲ ಒಣಗಿಹೋಗುತ್ತದೆ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟರು, ತಲೆಯಡಿಗೆ ಎರಡು ದಿಂಬು ಕೊಟ್ಟರು. ಆರು ಗಂಟೆಯೊಳಗೆ ನೇತ್ರಬ್ಯಾಂಕಿನವರು ಬಂದು ತೆಗೆದುಕೊಳ್ಳಬೇಕು, ಹಾಗಾಗಿ ನೆಂಟರಿಗೆ ಸುದ್ದಿ ಮುಟ್ಟಿಸುವುದಕ್ಕೆ ಮೊದಲು ಆ ಫೋನ್ ಹೋಗಬೇಕು. ಸಕ್ಕರೆ ಕಾಯಿಲೆಯಾಗಲಿ, ಕಣ್ಣಿನ ಪೊರೆ ತೆಗೆಸಿದ್ದಾಗಲಿ ಅಡ್ಡಿಯಲ್ಲ. ಮೊದಲೇ ಪತ್ರಕ್ಕೆ ಸಹಿ ಹಾಕಿರದಿದ್ದರೂ ಮನೆಯವರು ಒಪ್ಪಿದರೆ ಸಾಕು. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸ್ವಲ್ಪ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ, ಮುಖ ಇದ್ದ ಹಾಗೇ ಇರುತ್ತದೆ.

ಮನೆಯಲ್ಲಿ ಸಾವಾದರೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರ ಪ್ರಮಾಣಪತ್ರ ಇಲ್ಲದೆ ಸ್ಮಶಾನದಲ್ಲಿ ಮುಂದಿನ ಕೆಲಸ ನಡೆಯುವುದಿಲ್ಲ. ಅದನ್ನು ತರಲು ಹೊರಟವರನ್ನು ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಆಧಾರ್ ಕಾರ್ಡ್ ಕೈಗೆ ಕೊಟ್ಟರು. ಹೆಸರು ಅದರಲ್ಲಿದ್ದ ಹಾಗೆಯೇ ಒಂದಕ್ಷರ ತಪ್ಪದೆ ಬರಬೇಕು, ಇಲ್ಲವಾದರೆ ಮುಂದೆ ಬ್ಯಾಂಕಿನಲ್ಲಿ, ಪೆನ್ಷನ್ನಿನಲ್ಲಿ, ಮನೆಯ ಕಾಗದದಲ್ಲಿ ಎಲ್ಲ ಕಡೆ ಅಡ್ಡ ಬರುತ್ತದೆ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕೆಂದೂ ನೆನಪಿಸಿದರು. ಇಷ್ಟೆಲ್ಲ ಮುಗಿಸಿ ಮನೆಗೆ ಹೋಗಿ, ಸ್ನಾನ ಮಾಡಿ, ನಮ್ಮೆಲ್ಲರಿಗೂ ಚಹಾ ಮಾಡಿಕೊಂಡು ಬಂದರು. ಅಕ್ಕಾ, ನಿಮಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಉಳಿದವರಿಗೆಲ್ಲ ಒಂದೊಂದು ಸಾಲು, ಅಕ್ಕನಿಗೆ ಮಾತ್ರ ಇಷ್ಟು ಎಂದು ಯಾರೂ ಬೇಸರಿಸಬೇಡಿ.

ಊಟದ ವಿಷಯಕ್ಕೆ ಬರುತ್ತೇವೆ. ಫೋರ್ಟಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಅಪ್ಪ, ಮುಂದೆ ಕ್ಯಾಂಟೀನ್ ಕೆಲಸದಲ್ಲಿದ್ದರೂ ಗಣೇಶ ಚೌತಿ, ನವರಾತ್ರಿ, ಸಂಘದ ವಾರ್ಷಿಕೋತ್ಸವಗಳ ಅಡುಗೆಗೆ ಒಂದು ರೂಪಾಯಿ ಮುಟ್ಟಿದವರಲ್ಲ. ಈ ಸಲ ಸುಮಾರು 240 ಎಲೆಯ ಊಟವನ್ನು ಸಂಘದ ಹುಡುಗ ಹುಡುಗಿಯರು ಅವರ ಲೆಕ್ಕದ ಪುಸ್ತಕ ನೋಡಿಕೊಂಡು ಮಾಡಿದರು. ಅದರಲ್ಲಿ ಎಲ್ಲವೂ ನೂರು ಎಲೆಯ ಲೆಕ್ಕ: ಅಕ್ಕಿ 10 ಕಿಲೋ, ಹುಳಿಗೆ ತೊಗರಿಬೇಳೆ ಎರಡೂವರೆ ಕಿಲೋ, ಸೌತೆಕಾಯಿ 10 ಕಿಲೋ, ತೆಂಗಿನಕಾಯಿ 12. ಪಾಯಸಕ್ಕೆ ಕಡಲೆಬೇಳೆ 2 ಕಿಲೋ, ಬೆಲ್ಲ 4 ಕಿಲೋ, ತೆಂಗಿನಕಾಯಿ 15, ಸಬ್ಬಕ್ಕಿ ಕಾಲು ಕಿಲೋ. ಬದಿಯಲ್ಲಿ ಕೆಂಪು ಶಾಯಿಯಲ್ಲಿ, "ನಾಲ್ವರ ಮನೆ ಅಡುಗೆಯನ್ನು 25ರಿಂದ ಗುಣಿಸಬಾರದು." ದೊಡ್ಡ ಕೊಪ್ಪರಿಗೆಯಲ್ಲಿ ನೀರು ಆವಿಯಾಗಿ ಹೋಗುವುದು ಪ್ರಮಾಣದಲ್ಲಿ ಕಡಿಮೆ, ಗುಣಿಸಿ ನೀರು ಹೊಯ್ದರೆ ಹುಳಿ ಸಾರಾಗುತ್ತದೆ. ಉಪ್ಪು, ಮೆಣಸು, ಹುಣಸೆಹಣ್ಣು ಮುಕ್ಕಾಲು ಪಾಲು ಮಾತ್ರ ಹಾಕಿ, ಉಳಿದ ಕಾಲು ಪಾಲನ್ನು ಬದಿಗಿಟ್ಟು, ಕುದಿ ಬಂದ ಮೇಲೆ ರುಚಿ ನೋಡಿ ಸೇರಿಸಬೇಕು. ಹೆಚ್ಚಾದದ್ದನ್ನು ತೆಗೆಯಲು ಬರುವುದಿಲ್ಲವಲ್ಲ.

ಹುಣಸೆರಸ ಮೊದಲೇ ಬಿದ್ದರೆ ತರಕಾರಿಯೂ ಬೇಯುವುದಿಲ್ಲ, ಬೇಳೆಯೂ ಕರಗುವುದಿಲ್ಲ. ಬೆಂಡೆಕಾಯಿ ಹುಳಿಗೆ ಮಾತ್ರ ಲೋಳೆ ಮುರಿಯಲು ಮೊದಲೇ ಹಾಕಬೇಕು. ಬೆಲ್ಲದ್ದೂ ಇದೇ ಪಾಡು. ಕಡಲೆಬೇಳೆ ಬೆರಳ ನಡುವೆ ಸುಲಭವಾಗಿ ಹಿಸುಕಿಹೋಗುವಷ್ಟು ಬೆಂದ ಮೇಲೆಯೇ ಬೆಲ್ಲ ಬೀಳಬೇಕು, ಮೊದಲೇ ಬಿದ್ದರೆ ಬೇಳೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಬೆಲ್ಲ ಕರಗಿಸಿ ಸೋಸಬೇಕು, ಮರಳಿರುತ್ತದೆ. ಎರಡನೆಯ ಸಲ ಹಿಂಡಿದ ತೆಳು ಕಾಯಿಹಾಲಿನಲ್ಲಿ ಕುದಿಸಿ, ದಪ್ಪ ಕಾಯಿಹಾಲನ್ನು ಒಲೆ ಆರಿಸಿದ ಮೇಲೆ ಹೊಯ್ಯಬೇಕು, ಕುದಿದರೆ ಒಡೆಯುತ್ತದೆ. ಅನ್ನಕ್ಕೆ ಒಂದು ಪಾತ್ರೆಯಲ್ಲಿ ಐದು ಕಿಲೋಗಿಂತ ಹೆಚ್ಚು ಅಕ್ಕಿ ಬೇಡ, ಮೇಲಿನ ಭಾರಕ್ಕೆ ಅಡಿಯ ಅನ್ನ ಮುದ್ದೆಯಾಗುತ್ತದೆ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಅಪ್ಪನ ಖುಷಿ ಇದ್ದದ್ದು ಸೌತೆಕಾಯಿ ಹೆಚ್ಚುವ ಹೊತ್ತಿನಲ್ಲಿ. ಒಂದು ಕಹಿಕಾಯಿ ಸೇರಿದರೂ ಇಡೀ ಕೊಪ್ಪರಿಗೆ ಹಾಳು, ಅದಕ್ಕೆ ಪ್ರತಿ ಕಾಯಿಯ ತುದಿ ಕತ್ತರಿಸಿ ರುಚಿ ನೋಡಲೇಬೇಕು. ಆ ಕೆಲಸ ಮಕ್ಕಳದ್ದು. ಕಹಿ ಕಂಡುಹಿಡಿದ ಮಗುವಿಗೆ ಮೊದಲ ಸೌಟು ಪಾಯಸ. ಪಾಯಸದಾಸೆಗೆ ಸಿಹಿಕಾಯಿಗೂ ಮುಖ ಹಿಂಡುವ ಕಳ್ಳರು ಇರುತ್ತಿದ್ದರು, ಅಪ್ಪನಿಗೆ ಗೊತ್ತಾಗುತ್ತಿತ್ತು, ಆದರೂ ಕೊಡುತ್ತಿದ್ದರು. ಪಂಕ್ತಿಯಲ್ಲಿ ಶ್ಲೋಕ ಹೇಳುವಾಗ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಬಾರದಿದ್ದರೆ ಹದಿಮೂರರ ಮಗ್ಗಿ ಹೇಳಿದರೂ ಸಾಕು, ಗೋವಿಂದಾ ಎಂದು ಕೂಗುವ ಮೊದಲ ದನಿ ಅಪ್ಪನದೇ.

ಎರಡು ದೊಡ್ಡ ಒಲೆಗಳನ್ನು ಒಂದೇ 19 ಕಿಲೋ ಸಿಲಿಂಡರಿಗೆ ಜೋಡಿಸಿದ್ದರಿಂದ ಈ ಸಲ ಅದರ ಹೊರಮೈಗೆ ಹಿಮ ಕಟ್ಟಿ ಉರಿ ಇಳಿಯಿತು. ಗ್ಯಾಸ್ ಬೇಗಬೇಗ ಆವಿಯಾಗುವಾಗ ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳುತ್ತದೆ. ಅದನ್ನು ಬಿಸಿ ಮಾಡಲು ಹೋಗಬಾರದು, ಒಲೆಗೊಂದು ಸಿಲಿಂಡರ್ ಕೊಡಬೇಕು. ಇದೂ ಪುಸ್ತಕದಲ್ಲಿತ್ತು, ಹುಡುಗರು ಓದಿ ಹಾಗೆಯೇ ಮಾಡಿದರು.

ಹುಳಿ ಅಪ್ಪನ ಹುಳಿಯ ಹಾಗೇ ಇತ್ತು. ಬಾಯಿಗಿಟ್ಟ ಕೂಡಲೇ ನಮಗೆ ಬಂದದ್ದು ಸಿಟ್ಟು. ಅವರಿಲ್ಲದೆ ಅದೇ ರುಚಿ ಹೇಗೆ ಬಂತು, ಯಾಕೆ ಬರಬೇಕಿತ್ತು ಎಂದು. ಎಷ್ಟು ಹೊತ್ತು ಎಲೆಯ ಮುಂದೆ ಸುಮ್ಮನೆ ಕೂತಿದ್ದೆವೋ. ಅಷ್ಟರಲ್ಲಿ ಅಮ್ಮ ಬಡಿಸುವವರನ್ನು ಕರೆದು ಎರಡನೇ ಸಲ ಅನ್ನ ಹಾಕಿಸಿಕೊಂಡರು, "ಉಪ್ಪು ಒಂದು ಕಲ್ಲು ಕಮ್ಮಿ" ಎಂದರು. ಆ ಹುಡುಗರಿಗೆ ಇದಕ್ಕಿಂತ ದೊಡ್ಡ ಶಭಾಷ್ ನಮ್ಮ ಮನೆಯಲ್ಲಿ ಸಿಗುವುದಿಲ್ಲ, ತಿಳಿದಿರಲಿ.

ಪುಸ್ತಕದ ಜೆರಾಕ್ಸ್ ಪ್ರತಿಗಳನ್ನು ಮಾಡಿಸಿಟ್ಟಿದ್ದೇವೆ, ಬೇಕಾದವರು ಕೇಳಿ. ಕೊಪ್ಪರಿಗೆ, ಸೌಟು, ಜಾಲರಿಗಳನ್ನು ಸಂಘಕ್ಕೆ ಕೊಟ್ಟಿದ್ದೇವೆ, ಯಾರ ಮನೆಯ ಕಾರ್ಯಕ್ಕೂ ಒಯ್ಯಬಹುದು, ಬಾಡಿಗೆ ಇಲ್ಲ. ದೊಡ್ಡ ತಾಮ್ರದ ಕೊಪ್ಪರಿಗೆಯ ಕಲಾಯಿ ಅಡಿಯಲ್ಲಿ ಸವೆದಿದೆ. ಹೊಸ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಹುಳಿ, ಮಜ್ಜಿಗೆ, ಪಾಯಸ ಯಾವುದನ್ನೂ ಮಾಡಬೇಡಿ, ತಾಮ್ರ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಚೌತಿಯೊಳಗೆ ಹಾಕಿಸುತ್ತೇವೆ. ಅಲ್ಲಿಯವರೆಗೆ ಕೈ ತೊಳೆಯುವ ನೀರು ತುಂಬಿಡಲು ಬೇಕಾದರೆ ಒಯ್ಯಿರಿ.