ಸಿಗ್ನಲ್ಸ್ ಪಾಸಾದೆ, ಗದಗ ಅಕ್ಕ

ನಿನ್ನೆ ಸಂಜೆ ರಿಸಲ್ಟ್ ಬಂತು. ಮೂರನೇ ಸಲಕ್ಕೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಸಾದೆ. ನನ್ನ ಟ್ರಿಪಲ್ ಇ, ಅಂದರೆ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿನಲ್ಲಿ ಪಾಸಾಗದೆ ಉಳಿದಿದ್ದ ಒಂದೇ ವಿಷಯ ಅದು. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ ಏನೂ ಮಾತಾಡಲಿಲ್ಲ, ಎದ್ದು ದೇವರ ಗೂಡಿನ ಹತ್ತಿರ ಹೋದಳು. ಫೋನ್ ಇಡಲು ಮರೆತಿದ್ದಳು. ಬೆಂಕಿಕಡ್ಡಿ ಗೀರಿದ ಸದ್ದು ನನಗಿಲ್ಲಿ ಕೇಳಿಸಿತು.

ಅಪ್ಪ ಹೋದ ಆ ವರ್ಷ ಮನೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಫೀಸು ಕಟ್ಟಿದ ಚಿಕ್ಕಪ್ಪ, ಹಳೇ ಪ್ರಶ್ನೆಪತ್ರಿಕೆ ಹುಡುಕಿ ಎತ್ತಿಡುತ್ತಿದ್ದ ಝೆರಾಕ್ಸ್ ಅಂಗಡಿಯ ಅಣ್ಣ, ತಡವಾದರೂ ತಟ್ಟೆ ಮುಚ್ಚಿಟ್ಟಿರುತ್ತಿದ್ದ ಮೆಸ್ಸಿನ ಅಕ್ಕಂದಿರು, ನಿಮಗೆಲ್ಲ ಕೈಮುಗಿಯುತ್ತೇನೆ. ಎರಡನೇ ಸಲ ಫೇಲಾದಾಗ ಮೇಡಂ ಸ್ಟಾಫ್ ರೂಮಿಗೆ ಕರೆದು, ಈ ವಿಷಯಕ್ಕೆ ಬುನಾದಿ ಹಾಕಿದ ಗಣಿತಜ್ಞ ಫೂರಿಯೆ 1807ರಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಿಸಿದ ಪ್ರಬಂಧವನ್ನು ಲಗ್ರಾಂಜ್ ಅಂಥ ದೊಡ್ಡ ಗಣಿತಜ್ಞರೇ ಒಪ್ಪಲಿಲ್ಲ, ಪುಸ್ತಕವಾಗಿ ಬಂದದ್ದು 1822ರಲ್ಲಿ ಅಂದಿದ್ದರು. ಲ್ಯಾಬ್ ಸರ್, ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಪ್ರೋಬ್ ತುದಿಯನ್ನು ನನ್ನ ಬೆರಳಿನಿಂದ ಮುಟ್ಟಿಸಿ, 20 ಮಿಲಿಸೆಕೆಂಡಿಗೊಂದು ಅಲೆ ಎದ್ದದ್ದು ತೋರಿಸಿ, "ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಕರೆಂಟು, ಸೆಕೆಂಡಿಗೆ 50 ಅಲೆ, ನಿನ್ನ ಮೈಯಿಂದ ಕಾಣ್ತಿದೆ ನೋಡಮ್ಮ" ಅಂದಿದ್ದರು. ಸಿಗ್ನಲ್ ಅಂದರೆ ಪುಸ್ತಕದ ಗೆರೆಯಲ್ಲ ಅಂತ ಮೊದಲು ಅನ್ನಿಸಿದ್ದು ಆವತ್ತು.

ಆದರೆ ಈ ಬರಹ ಗದಗ ಅಕ್ಕನಿಗೆ. ಹಾಸ್ಟೆಲಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ.

ಪರೀಕ್ಷೆಯ ಹಿಂದಿನ ರಾತ್ರಿ ನಾನು ಬ್ಯಾಗ್ ತುಂಬಿ ಕೂತಿದ್ದೆ. ಐದೂ ಮುಕ್ಕಾಲಿನ ಬಸ್ಸಿಗೆ ಊರಿಗೆ ಹೋಗುವುದು, ಮತ್ತೆ ಬರುವುದು ಬೇಡ ಅಂತ ನಿರ್ಧಾರ ಮಾಡಿಯಾಗಿತ್ತು. ನೀರು ಹಿಡಿಯಲು ಬಂದ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಮರುದಿನ ಅವಳಿಗೂ ಪ್ರಾಜೆಕ್ಟಿನ ವೈವಾ, ಅಂದರೆ ಮೌಖಿಕ ಪರೀಕ್ಷೆ ಇತ್ತು. "ಹೋಗಬ್ಯಾಡ ಅನ್ನೂದಿಲ್ಲ. ಬಸ್ ಬರೂತನಕ ಕುಂದ್ರೂಣು ಬಾ" ಅಂದಳು.

ವರಾಂಡದ ನೆಲದ ಮೇಲೆ ಕೂತೆವು. ಸ್ಟೀಲ್ ಲೋಟವನ್ನು ಚಮಚದಿಂದ ಒಮ್ಮೆ ತಟ್ಟಿದಳು. "ಕೇಳಿದೇನು? ಏಟು ಒಂದ, ಖರೆ ಸದ್ದು ಅಲ್ಲಿಗೇ ನಿಂದ್ರಲಿಲ್ಲ. ಇದಕ್ಕ ಇಂಪಲ್ಸ್ ರೆಸ್ಪಾನ್ಸ್ ಅಂತಾರ." ಲೆಕ್ಕಕ್ಕೆ ಸುಲಭವಾಗಲಿ ಅಂತ, ಒಂದು ಏಟಿನ ಸದ್ದು ತಟ್ಟಿದ ಗಳಿಗೆಯಲ್ಲಿ 2, ಮುಂದಿನ ಗಳಿಗೆಯಲ್ಲಿ 1, ಆಮೇಲೆ ಇಲ್ಲ ಅಂತ ಇಟ್ಟುಕೊಂಡಳು. ಆಮೇಲೆ ಮೂರು ಏಟು, ಒಂದಕ್ಕಿಂತ ಒಂದು ಜೋರು: 1, 2, 3. ಮೂರನೇ ಗಳಿಗೆಯಲ್ಲಿ ಕಿವಿಗೆ ಬೀಳುವುದೆಷ್ಟು? ಹೊಸ ಏಟಿನಿಂದ 6, ಅದರ ಹಿಂದಿನ ಏಟಿನಿಂದ ಉಳಿದದ್ದು 2, ಒಟ್ಟು 8.

ಉತ್ತರ ಬರೆಯುವ ಬ್ಲೂ ಬುಕ್ಕಿನ ಹಾಳೆಯಿಂದ ಎರಡು ಪಟ್ಟಿ ಕತ್ತರಿಸಿದಳು. ಒಂದರ ಮೇಲೆ 1, 2, 3 ಬರೆದಳು. ಇನ್ನೊಂದರ ಮೇಲೆ 2, 1 ಅನ್ನು ತಿರುವಿ 1, 2 ಅಂತ ಬರೆದು ಕೆಳಗಿಟ್ಟು ಒಂದೊಂದೇ ಮನೆ ಸರಿಸಿದಳು. ಎದುರುಬದುರು ಬಂದದ್ದನ್ನು ಗುಣಿಸಿ ಕೂಡಿಸಿದೆ: 2, 5, 8, 3. ಇದೇ ಕನ್ವಲ್ಯೂಷನ್. "ಹೊಸಾ ಏಟಿಗೆ ಹೊಸಾ ಸದ್ದು, ಹಳೇ ಏಟಿಗೆ ಉಳಿದ ಸದ್ದು. ಅದಕ್ಕ ತಿರುವಿ ಹಾಕೂದು." ಎರಡು ಸಲ ಪರೀಕ್ಷೆ ಬರೆದಿದ್ದೆ, ಎರಡು ಸಲವೂ ತಿರುವಿದ್ದೆ. ಯಾಕೆ ಅಂತ ಗೊತ್ತಾದದ್ದು ಆ ರಾತ್ರಿ. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮ್ಮಿಗೆ ಬಂದ ಹುಡುಗಿಗೆ ಮೊದಲ ದಿನವೇ ಇಂಟಿಗ್ರಲ್ ಬರೆದು ತೋರಿಸುವ ಬದಲು ಒಂದು ಲೋಟ ತಟ್ಟಿದರೆ ಸಾಕು ಅಂತ ನಾನು ಈಗ ಗಟ್ಟಿಯಾಗಿ ಹೇಳಬಲ್ಲೆ.

ಆ 8ನ್ನು ನೋಡುತ್ತಿದ್ದ ಹಾಗೇ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅಪ್ಪ ಹೋಗಿ ಏಳು ತಿಂಗಳಾಯ್ತು. ಆ ಸದ್ದು ನಿಲ್ತಾನೇ ಇಲ್ಲ" ಅಂದೆ. ಅಪ್ಪನ ಹೆಸರೆತ್ತಿ ಹಾಸ್ಟೆಲಿನಲ್ಲಿ ಅತ್ತದ್ದು ಅದೇ ಮೊದಲು. ಕಡಿಮೆಯಾಗುತ್ತದೆ ಅಂತ ಅವಳು ಹೇಳಲಿಲ್ಲ. "ಅಳು" ಅಂದಳು, ಅಷ್ಟೇ. ತೊಡೆಯ ಮೇಲೆ ತಲೆಯಿಟ್ಟುಕೊಂಡು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅವಳ ವೈವಾ ಫೈಲು ಪಕ್ಕದಲ್ಲಿ ತೆರೆದೇ ಇತ್ತು. ಒಂದು ಪುಟವೂ ತಿರುವಲಿಲ್ಲ.

ಆಮೇಲೆ ಮುಖ ತೊಳೆಸಿ, ಸಿಗ್ನಲ್ಲನ್ನು ಬೇರೊಂದು ರೂಪದ ಸೂತ್ರಕ್ಕೆ ತಿರುಗಿಸುವ ಲಾಪ್ಲಾಸ್ ಪಾಠ ತೆಗೆಸಿದಳು. ಕಾಲದ ಗೆರೆಯಲ್ಲಿ ಎಡಕ್ಕೆ ಹೋಗುವ ಸಿಗ್ನಲ್ಲಿಗೂ ಬಲಕ್ಕೆ ಹೋಗುವ ಸಿಗ್ನಲ್ಲಿಗೂ ಉತ್ತರ ಒಂದೇ ಬರಬಹುದು, ಅದು ಯಾವ ವ್ಯಾಪ್ತಿಗೆ ಸಲ್ಲುತ್ತದೆ ಅನ್ನುವ ಆರ್‌ಒಸಿ ಬರೆಯದಿದ್ದರೆ ಯಾವುದು ಅಂತ ಯಾರಿಗೂ ಗೊತ್ತಾಗದು ಅಂತ ಮೂರು ಸಲ ನನ್ನ ಬಾಯಲ್ಲೇ ಹೇಳಿಸಿದಳು. ಐದೂ ಮುಕ್ಕಾಲಿಗೆ ಬಸ್ಸು ಹಾಸ್ಟೆಲ್ ಮುಂದೆ ಹಾರ್ನ್ ಹಾಕಿಕೊಂಡು ಹೋಯಿತು. ಅವಳು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಪೇಪರಿನಲ್ಲಿ ಕನ್ವಲ್ಯೂಷನ್ ಬಂದಿತ್ತು, ಅಕ್ಕ. ನೀನು ಹೇಳಿಕೊಟ್ಟ ಹಾಗೆ ಎರಡೂ ಸಾಲುಗಳ ಮೊತ್ತ ಗುಣಿಸಿ ಉತ್ತರದ ಮೊತ್ತಕ್ಕೆ ತಾಳೆ ನೋಡಿಯೇ ಮುಂದಿನ ಪ್ರಶ್ನೆಗೆ ಹೋದೆ. ಕೆಲಸ ಸಿಕ್ಕಿ ನೀನು ರೂಮ್ ಖಾಲಿ ಮಾಡಿದ ದಿನ ನಿನ್ನ ಲೋಟ ನನ್ನ ಹತ್ತಿರವೇ ಉಳಿಯಿತು. ದೀಪಾವಳಿಗೆ ಊರಿಗೆ ಬಂದಾಗ ಒಂದು ಮಾತು ಹೇಳು. ಅಮ್ಮನನ್ನೂ ಕರೆದುಕೊಂಡು ಗದಗಕ್ಕೆ ಬಂದು ನಾನೇ ಕೊಡುತ್ತೇನೆ.