ಬಹುಮಾನದ ಸುದ್ದಿಯಲ್ಲಿ ಕಥೆಯ ಊರೂ ಇರಲಿ

ಮಾನ್ಯ ಸಂಪಾದಕರೇ,

ಹೋದ ವಾರ ತಂಗಿಯ ಮಗಳನ್ನು ಕರೆದುಕೊಂಡು ಉಡುಪಿ ಬಸ್ಸಿನಲ್ಲಿ ಹೊರಟಿದ್ದೆ. ಮೂಲ್ಕಿ ಹತ್ತಿರ ಬರುವಾಗ ಕಂಡಕ್ಟರ್ "ಕಾರ್ನಾಡ್ ಇಳಿಯುವವರು ಮುಂದೆ ಬನ್ನಿ" ಎಂದು ಕೂಗಿದ. ಒಂಬತ್ತನೇ ಕ್ಲಾಸಿನ ಹುಡುಗಿ ನನ್ನ ಕೈ ಹಿಡಿದು ಕೇಳಿದಳು, "ದೊಡ್ಡಮ್ಮ, ಕಾರ್ನಾಡ್ ಅಂದ್ರೆ ನಾಟಕ ಬರೆದವರ ಹೆಸರಲ್ವಾ? ಆ ಹೆಸರಿನ ಊರೂ ಉಂಟಾ?"

ಉಂಟು. ಊರು ಮೊದಲು, ಹೆಸರು ಆಮೇಲೆ. 1998ರಲ್ಲಿ ಜ್ಞಾನಪೀಠ ಪಡೆದ ಗಿರೀಶ ಕಾರ್ನಾಡರ ಮನೆತನಕ್ಕೆ ಹೆಸರು ಬಂದದ್ದು ಈ ಊರಿನಿಂದ. ಮಂಗಳೂರಿನ ಹಂಪನಕಟ್ಟೆಗೆ ಹೋದಾಗಲೆಲ್ಲ ನಾವು ನಡೆಯುವ ಕೆ.ಎಸ್. ರಾವ್ ರಸ್ತೆಯ 'ಕೆ' ಕೂಡ ಇದೇ ಕಾರ್ನಾಡು. ಇದ್ದ ಆಸ್ತಿಯನ್ನೆಲ್ಲ ಸ್ವಾತಂತ್ರ್ಯ ಚಳವಳಿಗೆ ಸುರಿದ ಕಾರ್ನಾಡ್ ಸದಾಶಿವರಾಯರ ರಸ್ತೆ ಅದು. 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರ ಗುಲ್ವಾಡಿ ಕುಂದಾಪುರದ ಕಡೆಯ ಹಳ್ಳಿ. ಉಡುಪಿ ತಲುಪುವವರೆಗೂ ನಮ್ಮದು ಇದೇ ಮಾತು.

ಹುಡುಗಿಯದು ಏನೂ ತಪ್ಪಿಲ್ಲ. ಅವಳಿಗೆ ಯಾರೂ ಹೇಳಿಲ್ಲ, ಅಷ್ಟೆ. ಐತಿಹಾಸಿಕ ಕಾದಂಬರಿಗೆ ಪ್ರಶಸ್ತಿ ಬಂದ ದಿನ ಪತ್ರಿಕೆಗಳಲ್ಲಿ ಏನಿರುತ್ತದೆ? ಲೇಖಕರ ಫೋಟೋ, ನಗದು ಎಷ್ಟು, ಸಮಾರಂಭ ಯಾವಾಗ. ಪುಸ್ತಕದ ಕಥೆ ಎಲ್ಲಿ ನಡೆಯುತ್ತದೆ, ಯಾರ ಮನೆಯದು ಎಂದು ಎರಡು ಸಾಲೂ ಇರುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುತ್ತದೆ.

ಗೋಪಾಲಕೃಷ್ಣ ಪೈಯವರ 'ಸ್ವಪ್ನ ಸಾರಸ್ವತ'ಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು, ದೇವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಕರಾವಳಿಯುದ್ದಕ್ಕೂ ಇಳಿದು ಬಂದ ಕುಟುಂಬಗಳ ಕಥೆ ಅದು. ಮಂಗಳೂರಿನ ರಥಬೀದಿಯ ಅಂಗಡಿ ಬೋರ್ಡುಗಳಲ್ಲಿ ಪೈ, ಶೆಣೈ, ಕಾಮತ್, ಪ್ರಭು ಎಂದು ಓದುತ್ತೇವಲ್ಲ, ಆ ಹೆಸರುಗಳ ಹಿಂದಿನ ದಾರಿ ಆ ಪುಸ್ತಕದಲ್ಲಿದೆ. ಅದನ್ನು ಓದಿದ ಮೇಲೆ ನನಗೆ ಆ ಬೀದಿಯೇ ಬೇರೆಯಾಗಿ ಕಾಣುತ್ತದೆ.

ಇನ್ನೊಂದು. 1983ರ ಜ್ಞಾನಪೀಠ ಪಡೆದ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಇಂಗ್ಲಿಷರು ಕೊಡಗು ಹಿಡಿದರು. ನಮ್ಮ ಜನ ಅದನ್ನು ಘಟ್ಟದ ಮೇಲಿನ ಕಥೆ ಎಂದುಕೊಂಡು ಸುಮ್ನೆ ಬಿಡುತ್ತಾರೆ. ಆದರೆ ಅದರ ಮುಂದಿನ ಅಧ್ಯಾಯ ನಡೆದದ್ದು ಇಲ್ಲೇ. ಕೊಡಗಿಗೆ ಸೇರಿದ್ದ ಅಮರಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಿ ಎಂದರು. ರೈತರ ಕೈಯಲ್ಲಿ ದುಡ್ಡೆಲ್ಲಿ? 1837ರಲ್ಲಿ ಅವರು ದಂಡು ಕಟ್ಟಿಕೊಂಡು ಮಂಗಳೂರಿಗೇ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ನಿರಂಜನರ 'ಕಲ್ಯಾಣಸ್ವಾಮಿ' ಈ ದಂಗೆಯ ಕಾದಂಬರಿ. ಅದೇ ಗುಡ್ಡೆಯಲ್ಲಿ 2022ರಲ್ಲಿ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಅದರ ಮುಂದೆ ಸೆಲ್ಫಿ ತೆಗೆಯುವ ಕಾಲೇಜು ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದಬಹುದು ಎಂದು ಗೊತ್ತು?

ಉಳ್ಳಾಲದ ರಾಣಿ ಅಬ್ಬಕ್ಕ ಎಂದರೆ ಎಲ್ಲರಿಗೂ ಗೊತ್ತು. ಅವಳ ಮನೆತನ ಚೌಟ ಎಂದರೆ? ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ಮರದ ಕೆತ್ತನೆ ಇದೆ. ಹತ್ತಿರ ಹೋಗಿ ನೋಡಬೇಕು. ದೂರದಿಂದ ಬರೀ ಆನೆ. ಹತ್ತಿರ ಹೋದರೆ ಒಬ್ಬೊಬ್ಬಳ ತೋಳು, ಕಾಲು, ಜಡೆ ಬೇರೆ ಬೇರೆಯಾಗಿ ಕಾಣುತ್ತದೆ.

ಪತ್ರಿಕೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಶಸ್ತಿಯ ಸುದ್ದಿಯ ಕೆಳಗೆ ಕಥೆ ನಡೆಯುವ ಊರಿನ, ಮನೆತನದ ಬಗ್ಗೆ ಒಂದು ಸಣ್ಣ ಚೌಕ ಹಾಕಿ. ವಾರಕ್ಕೊಮ್ಮೆ ಜಿಲ್ಲಾ ಪುಟದಲ್ಲಿ ಒಂದೊಂದು ಮನೆತನದ ಹೆಸರು ಎಲ್ಲಿಂದ ಬಂತು ಎಂದು ಬರೆಸಿ. ಗೊತ್ತಿರುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಕೇಳುವವರು ಬೇಕು. ಕಾರ್ನಾಡಿನಿಂದಲೇ ಶುರು ಮಾಡಿದರೆ ಆ ಪುಟವನ್ನು ಕತ್ತರಿಸಿ ನನ್ನ ತಂಗಿಯ ಮಗಳಿಗೆ ಕೊಡುತ್ತೇನೆ.

ಇತಿ,
ನಿಮ್ಮ ಓದುಗಿ
ಕುಳಾಯಿ, ಮಂಗಳೂರು